ಸೀಬೆಮರ ನಿಂತಿದ್ದ ಜಾಗ

ಹಿತ್ತಲ ಬಾಗಿಲು ತೆಗೆದ ಕೂಡಲೇ ನಾನು ಮೂರು ಸಲ ಚಪ್ಪಾಳೆ ತಟ್ಟುತ್ತೇನೆ. ತಟ್ಟಿ, ಒಂದು ಕ್ಷಣ ಕಿವಿಗೊಟ್ಟು, ಆಮೇಲೆ ಬಲಗಾಲಿನಿಂದ ಹೊಸ್ತಿಲ ಕಲ್ಲನ್ನು ಎರಡು ಸಲ ಕುಟ್ಟಿ ಹೊರಗೆ ಕಾಲಿಡುತ್ತೇನೆ. ಮನೆಗೆ ಹೊಸದಾಗಿ ಬಂದವರು ಇದನ್ನು ಏನೋ ಪೂಜೆಯ ಕ್ರಮ ಅಂದುಕೊಳ್ಳುತ್ತಾರೆ. ಯಾವ ಗುರುಗಳು ಹೇಳಿಕೊಟ್ಟದ್ದು ಎಂದು ಒಬ್ಬರು ಭಕ್ತಿಯಿಂದ ಕೇಳಿದ್ದೂ ಉಂಟು. ಹೇಳಿಕೊಟ್ಟವಳು ನನ್ನ ಅಜ್ಜಿ, ಯಲಿಯೂರಿನಲ್ಲಿ, ನನಗೆ ಆರೋ ಏಳೋ ವರ್ಷವಿದ್ದಾಗ. "ಚಪ್ಪಾಳೆ ತಟ್ಲಾ, ಉಳ ಇದ್ರೆ ಸರ್ಕೊಂಡ್ ಓಯ್ತದೆ. ಅದ್ಕೂ ನಿನ್ನ್ ಕಂಡ್ರೆ ಭಯ ಕಣ್ಲಾ" ಎಂದಿದ್ದಳು. ಅಜ್ಜಿ ಹಾವನ್ನು ಹಾವು ಎನ್ನುತ್ತಿರಲಿಲ್ಲ, ಹುಳ ಎನ್ನುತ್ತಿದ್ದಳು. ಹೆಸರು ಹಿಡಿದು ಕರೆದರೆ ಬಂದೇಬಿಡುತ್ತದೆ ಎಂಬುದು ಅವಳ ನಂಬಿಕೆ. ಅವಳು ಹೇಳಿದ್ದನ್ನೆಲ್ಲ ನಂಬಿದ್ದೇನೆ. ಅದಕ್ಕೂ ನನ್ನನ್ನು ಕಂಡರೆ ಭಯ ಎಂಬ ಒಂದು ಮಾತನ್ನು ಮಾತ್ರ ಈ ಅರವತ್ತೆರಡು ವರ್ಷದಲ್ಲಿ ಒಂದು ದಿನವೂ ನಂಬಲಾಗಿಲ್ಲ.

ನಾನು ಅಂಜುಬುರುಕ. ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳಲು ಸಲೀಸು. ಮಳವಳ್ಳಿ ಸುತ್ತಿನ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಒಂದು ಸಲ ಎಂಟನೇ ಕ್ಲಾಸಿನವರು ಹೆಡೆ ಎತ್ತಿದ ನಾಗರಹಾವು ಬರೆದುಕೊಡಿ ಎಂದು ಹಟ ಹಿಡಿದರು. ನಾನು ಬೋರ್ಡಿನ ಮೇಲೆ ಒಂದು ಒಳ್ಳೆಯ ಹುತ್ತ ಬರೆದು, ಪಕ್ಕದಲ್ಲಿ ಎರಡು ಹುಲ್ಲಿನ ಎಸಳು ಎಳೆದು ಕೈ ಒರೆಸಿಕೊಂಡೆ. "ಹಾವೆಲ್ಲಿ ಸಾ?" ಎಂದರು. "ಒಳಗಿದೆ" ಎಂದೆ. ಸೀಮೆಸುಣ್ಣದ ಹಾವಾದರೂ ಸರಿ, ಅದಕ್ಕೆ ಬೆನ್ನು ಕೊಟ್ಟು ಮುಕ್ಕಾಲು ಗಂಟೆ ಪಾಠ ಮಾಡುವ ಎದೆ ನನ್ನದಲ್ಲ.

ಈ ಭಯ ಹುಟ್ಟಿದ್ದು ಕಬ್ಬಿನ ಗದ್ದೆಯಲ್ಲಿ. ಕಬ್ಬು ಕಡಿಯುವುದನ್ನು ನೀವು ನೋಡಿದ್ದರೆ ಗೊತ್ತಿರುತ್ತದೆ. ಸುತ್ತಲಿಂದ ಕಡಿದುಕೊಂಡು ಬಂದ ಹಾಗೆ ಒಳಗಿರುವ ಇಲಿ, ಮೊಲ, ಹಾವು ಎಲ್ಲ ನಡುವಿಗೆ ಸರಿಯುತ್ತವೆ. ಕೊನೆಗೆ ಒಂದು ಕೋಣೆಯಷ್ಟಗಲ ಕಬ್ಬು ಉಳಿಯುತ್ತದೆ. ಅಲ್ಲಿಯವರೆಗೆ ಗಲಗಲ ಎನ್ನುತ್ತಿದ್ದ ಆಳುಗಳು ಆಗ ಮಾತು ನಿಲ್ಲಿಸುತ್ತಾರೆ, ಮಚ್ಚಿನ ಸದ್ದು ಮಾತ್ರ ಕೇಳುತ್ತದೆ. ಹತ್ತು ವರ್ಷದ ನಾನು ಒಣಗಿದ ಗರಿಯ, ಅಂದರೆ ಸೋಗೆಯ ರಾಶಿಯ ಪಕ್ಕ ಕಬ್ಬಿನ ತುಂಡು ಜಗಿಯುತ್ತ ನಿಂತಿದ್ದೆ. ಪಾದದ ಮೇಲೆ ಏನೋ ತಣ್ಣಗೆ ಹರಿಯಿತು. ಹರಿಯುತ್ತಲೇ ಇತ್ತು. ಅಷ್ಟು ಉದ್ದವಾದ ಕ್ಷಣವನ್ನು ನಾನು ಮತ್ತೆ ಕಂಡಿಲ್ಲ. "ಕೇರೆ ಹಾವು ಕಣ್ಲಾ, ಏನೂ ಮಾಡಕಿಲ್ಲ" ಎಂದು ಆಳುಗಳೆಲ್ಲ ನಕ್ಕರು. ನನಗೆ ಕೂಗಲೂ ಆಗಲಿಲ್ಲ, ಕಾಲು ಎತ್ತಲೂ ಆಗಲಿಲ್ಲ. ಚಡ್ಡಿ ಒದ್ದೆಯಾಗಿದ್ದನ್ನು ಅಜ್ಜಿಯೊಬ್ಬಳೇ ನೋಡಿದಳು. ಬಂದು ನನ್ನ ಮುಂದೆ ನಿಂತು ಸೆರಗು ಅಡ್ಡ ಹಿಡಿದಳು. ನಾನು ಚಡ್ಡಿ ಹಿಂಡಿಕೊಳ್ಳುವವರೆಗೂ ಹಿಡಿದೇ ಇದ್ದಳು. ಆಮೇಲೆ ಗೆಳೆಯರು ಕಬ್ಬು ಕದಿಯಲು ಗದ್ದೆಗೆ ನುಗ್ಗುವಾಗ ನಾನು ಬದುವಿನ ಮೇಲೆ ನಿಂತು ಕಾವಲು ಕಾಯುವವನಾದೆ. ಪಾಲು ಮಾತ್ರ ಸಮಾನವಾಗಿ ತೆಗೆದುಕೊಳ್ಳುತ್ತಿದ್ದೆ ಅನ್ನಿ.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ಈ ವರ್ಷ ನನ್ನ ಹಿತ್ತಲಿಗೆ ಒಂದು ಮರ ಆರಿಸಬೇಕಾಗಿ ಬಂತು. ಅಂಜುಬುರುಕನಿಗೆ ಆರಿಸುವ ಕೆಲಸ ಕೊಡಬಾರದು. ಆದರೆ ಇದ್ದ ಮರವನ್ನು ಕೊಂದವನು ನಾನೇ ಆಗಿದ್ದರಿಂದ ಬೇರೆಯವರಿಗೆ ದಾಟಿಸುವಂತೆಯೂ ಇರಲಿಲ್ಲ.

ಮಂಡ್ಯದ ಕಡೆಯವರು ಅಂದರೆ ಹೊರಗಿನವರ ಕಣ್ಣಿಗೆ ನಾಲೆ, ಗದ್ದೆ, ಹಸಿರು. ನಮ್ಮ ಮನೆ ಇರುವುದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಒಂದು ದಿಣ್ಣೆಯ ಮೇಲೆ. ಕೆಳಗೆ ನಾಲೆ ಹರಿಯುವುದು ಕಿಟಕಿಯಿಂದಲೇ ಕಾಣುತ್ತದೆ. ನೀರಿಗೆ ದಿಣ್ಣೆ ಹತ್ತುವ ಅಭ್ಯಾಸವಿಲ್ಲವಾದ್ದರಿಂದ ನಮಗೆ ನೋಡುವ ಭಾಗ್ಯ ಮಾತ್ರ. ಹಿತ್ತಲು ಅಂದರೆ ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಗರಸು ನೆಲ. ಗುದ್ದಲಿ ಹಾಕಿದರೆ ಕಿಡಿ ಬರುತ್ತದೆ. ನನ್ನ ಹೆಂಡತಿ ಜಯಮ್ಮ ಅದಕ್ಕೆ ಮರಳುಗಾಡು ಎಂದೇ ಹೆಸರಿಟ್ಟಿದ್ದಳು. "ಮರಳುಗಾಡಲ್ಲಿ ಬಟ್ಟೆ ಒಣಗಾಕಿದೀನಿ, ತಕೊಂಬನ್ನಿ" ಎನ್ನುತ್ತಿದ್ದಳು. ಆ ನೆಲದಲ್ಲಿ ಬದುಕಿದ್ದು ಒಂದೇ ಒಂದು ಸೀಬೆಮರ. ಬಚ್ಚಲ ನೀರು ಕುಡಿದು, ಬುಡದಿಂದಲೇ ನಾಲ್ಕು ಕವಲಾಗಿ, ಛತ್ರಿಯ ಹಾಗೆ ಅಗಲಿಸಿಕೊಂಡು, ಹಿಂದಿನ ಕಾಂಪೌಂಡಿನ ಉದ್ದಕ್ಕೂ ಹರಡಿಕೊಂಡಿತ್ತು.

ಆ ಕಾಂಪೌಂಡು ಸೊಂಟದೆತ್ತರ ಅಷ್ಟೆ. ಅದರಾಚೆ ಒಂದು ಓಣಿ, ಓಣಿಯಾಚೆ ಊರ ಹಾಲಿನ ಡೈರಿ. ಹೆಂಗಸರೇ ನಡೆಸುವ ಆ ಡೈರಿಗೆ ಜಯಮ್ಮ ಹತ್ತೊಂಬತ್ತು ವರ್ಷ ಸೆಕ್ರೆಟರಿಯಾಗಿದ್ದವಳು. ನೀರು ಬೆರೆಸಿದ ಹಾಲು ತಂದವರು ಗಂಡಸಾಗಲಿ ಹೆಂಗಸಾಗಲಿ, "ಇದ್ನ ಎಮ್ಮೆ ಕರೀತೋ ಬೋರ್‌ವೆಲ್ ಕರೀತೋ?" ಎಂದು ಸಾಲಿನ ಮುಂದೆಯೇ ಕೇಳಿ ವಾಪಸ್ಸು ಕಳಿಸಿದವಳು. ಅವಳು ನಡೆದು ಬರುವ ಸದ್ದಿಗೇ ಸಾಲು ನೆಟ್ಟಗಾಗುತ್ತಿತ್ತು. ಅಡುಗೆಮನೆಯಿಂದಲೇ ಡೈರಿಗೆ ಯಾರು ಬಂದರು, ಯಾರು ಹೋದರು ಕಾಣಲಿ ಎಂದು ಆ ಗೋಡೆಯಿಂದ ಎರಡು ವರಸೆ ಇಟ್ಟಿಗೆ ತೆಗೆಸಿ ತಗ್ಗಿಸಿದವಳೂ ಅವಳೇ.

ಈ ವರ್ಷ ಶಿವರಾತ್ರಿ ಕಳೆದ ವಾರ ಅವಳಿಗೆ ಲಕ್ವ ಹೊಡೆಯಿತು. ಎಡಗಾಲು, ಎಡಗೈ ಎರಡೂ ಬಿದ್ದುಹೋದವು. ಮಾತು ಉಳಿಯಿತು. ಆಸ್ಪತ್ರೆಯ ಮಂಚದ ಮೇಲೆ ಅವಳು ಮೊದಲು ಕೇಳಿದ್ದು, "ಯಾರ್ ಯಾರ್ ನೋಡುದ್ರು?" ಎಂದು. ಬೀಳುವಾಗ ಬೀದಿಯಲ್ಲಿ ಯಾರಿದ್ದರು ಎಂಬ ಚಿಂತೆ. ಮಂಡ್ಯದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮೊದಲ ಆರು ತಿಂಗಳಲ್ಲಿ ಎಷ್ಟು ವಾಪಸ್ ಬರುತ್ತೋ ಅದೇ ದೊಡ್ಡದು ಮೇಷ್ಟ್ರೇ. ಆಮೇಲೂ ಬರುತ್ತೆ, ಆದರೆ ಆಮೆ ನಡಿಗೆ. ದಿನಾ ಎರಡು ಹೊತ್ತು ನಡೆಸಿ. ಟೈಲ್ಸ್ ಮೇಲೆ ಬೇಡ, ಜಾರಿ ಬಿದ್ದರೆ ಕಷ್ಟ. ಮಣ್ಣಿನ ನೆಲ ಒಳ್ಳೇದು" ಎಂದರು. ಆ ಆರು ತಿಂಗಳು ನನ್ನ ತಲೆಯೊಳಗೆ ಗಡಿಯಾರದ ಹಾಗೆ ಕೂತುಬಿಟ್ಟಿತು. ಮಲಗಿದರೆ ಅವಳ ಉಸಿರಿನ ಮೇಲೇ ಕಿವಿ. ಅವಳು ಒಂದು ಉಸಿರು ತಡಮಾಡಿದರೆ ನನ್ನದು ನಿಂತುಹೋಗುತ್ತಿತ್ತು.

ಯುಗಾದಿಯ ಹೊತ್ತಿಗೆ ನಾಲ್ಕು ಕಾಲಿನ ಕೋಲು ಹಿಡಿದು ನಿಂತಳು. ಡೈರಿಯ ಸಾಲು ನಿಲ್ಲುವುದು ಬೆಳಿಗ್ಗೆ ಮತ್ತು ಸಂಜೆ. ನಡೆಯಲು ತಂಪಾಗಿರುವುದೂ ಅದೇ ಹೊತ್ತು. ನಡುಮಧ್ಯಾಹ್ನ ನಮ್ಮ ಹಿತ್ತಲಲ್ಲಿ ಹಪ್ಪಳ ಸುಡಬಹುದು. ಆದರೆ ಸೀಬೆಮರ ಇತ್ತಲ್ಲ. ಅದರ ಮರೆಯಲ್ಲಿ ಹಿತ್ತಲ ಬಾಗಿಲಿನಿಂದ ಬಟ್ಟೆ ಒಗೆಯುವ ಕಲ್ಲಿನವರೆಗೆ ಹದಿನಾಲ್ಕು ಹೆಜ್ಜೆ. ಎಡಗಾಲನ್ನು ನೆಲಕ್ಕೆ ಎಳೆಯುತ್ತ, ಎಡಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವಳು ನಡೆಯುತ್ತಿದ್ದಳು. ಎಲೆಗಳ ಆಚೆ ಕ್ಯಾನುಗಳ ಸದ್ದು, ಜನರ ಮಾತು. ಅವರಿಗೆ ಇವಳು ಕಾಣುತ್ತಿರಲಿಲ್ಲ. ಒಂದು ಸಲ ಆಚೆಯಿಂದ ಯಾರೋ, "ಜಯಮ್ಮಂಗೆ ಎಂಗೈತಂತೆ?" ಎಂದು ಕೇಳಿದ್ದು ಕಿವಿಗೆ ಬಿತ್ತು. ಅವಳು ನಿಂತ ಕಡೆಯೇ ಕಲ್ಲಾಗಿ, ಅವರು ಹೋಗುವವರೆಗೂ ಕೋಲನ್ನೂ ಎತ್ತಲಿಲ್ಲ.

ಮೊದಲ ಮಳೆ ಬಿದ್ದಾಗ ಹಿತ್ತಲಲ್ಲಿ ಹುಲ್ಲೆದ್ದಿತು. ಮೊಣಕಾಲೆತ್ತರದ ಒರಟು ಹುಲ್ಲು. ಅದೇ ವಾರ ಜಯಮ್ಮನ ಎಡಪಾದದ ತುಂಬ ಕೆಂಪು ಬೊಬ್ಬೆ ಕಂಡೆ. ಕೆಂಜಿಗ ಕಚ್ಚಿವೆ. "ಯಾವಾಗ ಕಚ್ಚಿದವು?" ಎಂದರೆ ಅವಳಿಗೆ ಗೊತ್ತೇ ಇಲ್ಲ. ಆ ಕಾಲಿಗೆ ಸ್ಪರ್ಶವೇ ಇರಲಿಲ್ಲ. ಮಾರನೆಯ ದಿನ ಸೀಬೆಮರದ ಕೆಳಕೊಂಬೆಯಲ್ಲಿ ಮಾರುದ್ದದ ಹಾವಿನ ಪೊರೆ ನೇತಾಡುತ್ತಿತ್ತು. ಬಿಸಿಲಿಗೆ ಹೊಳೆಯುತ್ತ, ಗಾಳಿಗೆ ಆಡುತ್ತ. ನಾನು ಒಳಗೆ ಬಂದು ಒಂದು ಚೊಂಬು ನೀರು ಕುಡಿದೆ. ಕೆಂಜಿಗ ಕಚ್ಚಿದ್ದು ಗೊತ್ತಾಗದವಳಿಗೆ ಹಾವು ಕಚ್ಚಿದರೆ ಗೊತ್ತಾಗುತ್ತದೆಯೇ? ಅವಳು ಹದಿನಾಲ್ಕು ಹೆಜ್ಜೆ ಮುಗಿಸಿ, ಕಲ್ಲಿನ ಮೇಲೆ ಕೂತು, ನನ್ನ ಜೊತೆ ಮಾತಾಡುತ್ತಲೇ... ಮುಂದಿನದನ್ನು ನಾನು ಯೋಚಿಸದೆ ಬಿಡುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಯೋಚಿಸುತ್ತಿದ್ದೆ.

ಪೊರೆಯ ವಿಷಯ ಅವಳಿಗೆ ಹೇಳಲಿಲ್ಲ. ಹೇಳಿದರೆ ನಡೆಯುವುದನ್ನು ಬಿಡುತ್ತಾಳೆ ಎಂಬ ಭಯ. ಬಿಡದಿದ್ದರೆ ನನ್ನನ್ನು ನೋಡಿ ನಗುತ್ತಾಳೆ ಎಂಬ ಇನ್ನೊಂದು ಭಯ. ಉದ್ದ ಗಳ ಹಿಡಿದು ಪೊರೆಯನ್ನು ಗೋಡೆಯಾಚೆ ಎಸೆದೆ. ಹುಲ್ಲನ್ನು ಕೈಯಿಂದ ಕೀಳಬಹುದಿತ್ತಲ್ಲ ಎನ್ನುತ್ತೀರಿ. ಹುಲ್ಲೊಳಗೆ ಕೈ ಹಾಕುವವನಾಗಿದ್ದರೆ ನಾನು ಈ ಪ್ರಬಂಧ ಏಕೆ ಬರೆಯುತ್ತಿದ್ದೆ?

ಆ ಭಾನುವಾರ ಮದ್ದೂರಿನ ಹತ್ತಿರವಿರುವ ಜಯಮ್ಮನ ತಮ್ಮ ಪುಟ್ಟಸ್ವಾಮಿಯ ಮನೆಗೆ ಹೋಗಿದ್ದೆ. ಅವನದು ನಾಲೆಯ ಬದಿಯಲ್ಲಿ ಕಬ್ಬಿನ ಬೇಸಾಯ. ಕೊಟ್ಟಿಗೆಯ ಮೂಲೆಯಲ್ಲಿ ಸ್ಪ್ರೇ ಮಾಡುವ ಡಬ್ಬದ ಪಕ್ಕ ಒಂದು ಕಿತ್ತಲೆ ಜೂಸಿನ ಬಾಟಲಿ ಇತ್ತು. ಅದರೊಳಗೆ ಕಂದು ಬಣ್ಣದ ದ್ರವ, ಕುತ್ತಿಗೆಗೆ ಕಟ್ಟಿದ ಚೀಟಿಯಲ್ಲಿ 'ಕಳೆ ಔಷಧಿ' ಎಂದು ಬರೆದಿತ್ತು. ಕೇಳಿದರೆ ಯಾಕೆ ಎನ್ನುತ್ತಾನೆ, ಯಾಕೆ ಎಂದು ಹೇಳಿದರೆ ಅಕ್ಕನಿಗೆ ಫೋನ್ ಮಾಡುತ್ತಾನೆ. ಕೇಳದೆ ಬ್ಯಾಗಿಗೆ ಹಾಕಿಕೊಂಡೆ. ನನ್ನ ಜೀವನದ ಮೊದಲ ಕಳ್ಳತನ, ಬದುವಿನ ಮೇಲೆ ಕಾವಲು ನಿಂತದ್ದನ್ನು ಬಿಟ್ಟರೆ.

ಒಂದು ಬಕೆಟ್ಟಿಗೆ ಎರಡು ಮುಚ್ಚಳ ಹಾಕಿ ಹುಲ್ಲಿಗೆಲ್ಲ ಚಿಮುಕಿಸಿದೆ. ಐದು ದಿನ ಕಾದೆ. ಹುಲ್ಲು ಮೊದಲಿಗಿಂತ ಚೆನ್ನಾಗಿ, ಕೂದಲಿಗೆ ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಮಿಂಚತೊಡಗಿತು. ಔಷಧಿಗೆ ಶಕ್ತಿ ಸಾಲದು ಎಂದುಕೊಂಡೆ. ಸೀಬೆಮರದ ಬುಡದಲ್ಲಿ ಇಲಿ ತೋಡಿದ ಒಂದು ಬಿಲವಿತ್ತು. ಪೊರೆ ಬಿಟ್ಟವನ ವಾಸ ಅಲ್ಲೇ ಎಂದು ನನ್ನ ಗುಮಾನಿ. ಉಳಿದ ಅರ್ಧ ಬಾಟಲಿಯನ್ನು ನೀರೂ ಬೆರೆಸದೆ ಆ ಬಿಲಕ್ಕೂ ಬುಡದ ಸುತ್ತಲಿನ ಹುಲ್ಲಿಗೂ ಸುರಿದು, ಮೂರು ಸಲ ಚಪ್ಪಾಳೆ ತಟ್ಟಿ ಒಳಗೆ ಬಂದೆ.

ಸೀಬೆಯ ಚಿಗುರು ಮೊದಲು ಸುರುಳಿಯಾಯಿತು. ಆಮೇಲೆ ಎಲೆಗಳು ತಿರುಚಿಕೊಂಡವು, ಹಿಂಡಿದ ಬಟ್ಟೆಯ ಹಾಗೆ. ಮೂರೇ ವಾರದಲ್ಲಿ ಮರ ಬೋಳಾಯಿತು. ಒಂದು ಸಂಜೆ ಜಯಮ್ಮ ಎಂಟನೇ ಹೆಜ್ಜೆಯಲ್ಲಿದ್ದಾಗ ಗೋಡೆಯಾಚೆ ಸಾಲಿನಲ್ಲಿದ್ದ ಒಬ್ಬಳು, "ಅಯ್ಯೋ ನಮ್ ಜಯಕ್ಕ! ನೋಡ್ರಮ್ಮಿ ಎಂಗಿದ್ದೋಳು ಎಂಗಾಗೋದ್ಲು" ಎಂದುಬಿಟ್ಟಳು. ಕನಿಕರವೇ, ಕೆಟ್ಟ ಮನಸ್ಸಿನಿಂದಲ್ಲ. ನಮ್ಮ ಕಡೆ ಕನಿಕರವನ್ನೂ ಮೆತ್ತಗೆ ಆಡುವ ರೂಢಿಯಿಲ್ಲ. ಇಡೀ ಸಾಲು ಈ ಕಡೆ ತಿರುಗಿತು. ಜಯಮ್ಮ ಹಿಂದಿರುಗಲೂ ಆಗದೆ, ಮುಂದೆ ಹೋಗಲೂ ಆಗದೆ ನಿಂತಳು. ಅಜ್ಜಿಯ ಹಾಗೆ ಅಡ್ಡ ಹಿಡಿಯಲು ನನ್ನ ಹತ್ತಿರ ಸೆರಗಿರಲಿಲ್ಲ. ಹೆಗಲ ಮೇಲಿದ್ದ ಟವಲ್ಲು ಹಿಡಿದೆ, ಅದು ಅವಳ ಮುಖಕ್ಕೂ ಸಾಲಲಿಲ್ಲ. ಮಾರನೆಯ ದಿನದಿಂದ ಅವಳು ಹಿತ್ತಲಿಗೆ ಬರಲಿಲ್ಲ. ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಆರು ತಿಂಗಳಲ್ಲಿ ಮೂರು ಮುಗಿದಿತ್ತು.

ಗೋಡೆ ಎತ್ತರಿಸೋಣವೆಂದೆ. "ಡೈರಿ ಮ್ಯಾಲೆ ಮುನ್ಸ್ಕೊಂಡು ಗೋಡೆ ಎತ್ತುದ್ಲು ಅಂತಾರೆ. ಬ್ಯಾಡ. ಮರ ಬೆಳುದ್ರೆ ಯಾಕ್ ಬೆಳೀತು ಅಂತ ಯಾರೂ ಕೇಳಕಿಲ್ಲ" ಎಂದಳು. ನಿಜ. ಹಸಿರು ಬಲೆ ತಂದು ಕಟ್ಟಿದೆ. "ಬಲೆ ಕಟ್ಟುದ್ರೆ ಒಳಗೇನೋ ಅದೆ ಅಂತ ಇನ್ನೂ ಬಗ್ಗಿ ನೋಡ್ತಾರೆ" ಎಂದಳು. ಅದೂ ನಿಜ, ಇಬ್ಬರು ಬಗ್ಗಿ ನೋಡಿದರು. ನಾಲ್ಕೇ ದಿನದಲ್ಲಿ ಗಾಳಿ ಆ ಬಲೆಯನ್ನು ಹರಿದು ಡೈರಿಯ ಸೂರಿನ ಮೇಲೆ ಹಾಸಿತು.

ಹಾಗಾಗಿ ಮರವೇ ಆಗಬೇಕಿತ್ತು. ಪಕ್ಕದ ಮನೆಯ ನಿಂಗಮ್ಮನಿಗೆ ಎಂಬತ್ತರ ಹತ್ತಿರ. ಸೀಬೆಮರ ಸತ್ತದ್ದು ಜನರ ಕಣ್ಣು ತಾಗಿ ಎಂದು ಅವಳೇ ತೀರ್ಮಾನ ಕೊಟ್ಟು, ಒಣಗಿದ ಕೊಂಬೆಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಳು. ನಾನೂ ನಂಬಿದ್ದೆ. ಯಾವ ಮರ ನೆಡಲಿ ಎಂದು ಅವಳನ್ನು ಕೇಳಿದ್ದು ನನ್ನ ಬುದ್ಧಿಗೇಡಿತನ.

"ನುಗ್ಗೆ?" ಎಂದೆ.

"ರೋಗಿ ಇರೋ ಮನೇಲಿ ನುಗ್ಗೆನಾ? ಉಸ್ ಅಂದ್ರೆ ಮುರ್ದ್ ಬೀಳ್ತದೆ."

"ಬೇವು?"

"ಮಾರಮ್ಮ ಬಂದ್ ಕೂತ್ಕತಾಳೆ. ಆಮ್ಯಾಕೆ ಒಗ್ದ್ ಬಟ್ಟೆ ಒಣಗಾಕಂಗಿಲ್ಲ, ಮೆಟ್ಟಾಕಂಡ್ ಓಡಾಡಂಗಿಲ್ಲ."

"ಸಂಪಿಗೆ?"

"ವಾಸ್ನೆಗೆ ಉಳ ಬತ್ತದೆ."

ನಾನು ಸಂಪಿಗೆಯ ಹೆಸರನ್ನು ಮತ್ತೆ ಎತ್ತಲಿಲ್ಲ. ಹುಣಸೆಗೆ ದೆವ್ವ, ಕಣಗಿಲೆಗೆ ವಿಷ, ತೆಂಗಿಗೆ ಮರೆಯೇ ಇಲ್ಲ, ಕಾಯಿ ಬಿದ್ದರೆ ತಲೆ ಇಲ್ಲ. ಕೊನೆಗೆ ಬಿದಿರು ಎಂದೆ. ನಿಂಗಮ್ಮ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಬಿದ್ರು ಯಾತುಕ್ ಬೇಕು ಅಂತ ಗೊತ್ತಲ್ಲ ಮೇಷ್ಟ್ರೇ? ಎಂಡ್ರು ಮಲಗಿರುವಾಗ ಚಟ್ಟದ್ ಮರ ತಂದ್ ಮಡಗ್ತೀರಾ?" ಎಂದಳು. ಅಂದು ಜಯಮ್ಮನ ಉಸಿರನ್ನು ಎಣಿಸುತ್ತ ಬೆಳಗು ಮಾಡಿದೆ.

ಮಂಡ್ಯದ ಹೆದ್ದಾರಿ ಬದಿಯ ಒಂದು ನರ್ಸರಿಗೆ ಹೋದೆ. ಅಲ್ಲಿನವನು ಸಾಲಾಗಿ ನಿಂತ ಉದ್ದನೆ ಅಶೋಕದ ಸಸಿಗಳನ್ನು ತೋರಿಸಿ, "ಮೂರು ವರ್ಷ ಬುಡಿ ಸಾರ್, ಇಂದ್ಗಡೆ ಆನೆ ಕಟ್ಟುದ್ರೂ ಕಾಣಕಿಲ್ಲ" ಎಂದ.

"ಮೂರು ತಿಂಗಳಲ್ಲಿ?" ಎಂದೆ.

"ಮೂರ್ ತಿಂಗ್ಳಲ್ಲಿ ಮಾತ್ ಬೆಳೀತದೆ ಸಾರ್, ಮರ ಬೆಳೆಯಕಿಲ್ಲ" ಎಂದು ನಕ್ಕ.

ಆದರೂ ಆಳೆತ್ತರದವು ನಾಲ್ಕು ತಂದು ನೆಟ್ಟೆ. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಎರಡು ಗೆರೆ, ಮೇಲೊಂದು ಮೋಡ ಎಳೆದು ಮರ ಎಬ್ಬಿಸಿದವನು ನಾನು. ಅದು ಯಾವ ಜಾತಿ ಎಂದು ಯಾರೂ ಕೇಳಿರಲಿಲ್ಲ, ಅದಕ್ಕೆ ನೀರೂ ಬೇಕಿರಲಿಲ್ಲ. ಈ ನಾಲ್ಕಕ್ಕೆ ದಿನಾ ನೀರು ಹೊತ್ತೆ. ಹನ್ನೆರಡನೆಯ ದಿನ ಅವುಗಳ ಚಿಗುರು ಸುರುಳಿಯಾಯಿತು. ಅದೇ ತಿರುಚು, ಅದೇ ಹಿಂಡಿದ ಬಟ್ಟೆ. ಇದು ಮರಕ್ಕೆ ತಾಗಿದ ಕಣ್ಣಲ್ಲ, ನಮ್ಮ ಮನೆಗೇ ತಾಗಿದ್ದು, ಮೊದಲು ಮರ, ಆಮೇಲೆ ಸಸಿ, ಆಮೇಲೆ ಯಾರು ಎಂದು ಯೋಚಿಸುತ್ತ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಾಗ ಅಕ್ಕನನ್ನು ನೋಡಲು ಪುಟ್ಟಸ್ವಾಮಿ ಬಂದ. ಸಸಿಯ ಎಲೆ ಕಿತ್ತು ಮೂಗಿನ ಹತ್ತಿರ ಹಿಡಿದ. ಸೀಬೆಯ ಬುಡ ನೋಡಿದ. ಸುತ್ತ ಮಿರಿಮಿರಿ ನಿಂತ ಹುಲ್ಲು ನೋಡಿದ.

"ಭಾವ, ನಮ್ ಕೊಟ್ಗೇಲಿದ್ದ ಕಿತ್ಲೆ ಜೂಸ್ ಬಾಟ್ಲಿ ನೀವಾ ತಂದದ್ದು?"

ಹೌದೆಂದು ತಲೆಯಾಡಿಸಿದೆ.

"ಯಾವೋನಾದ್ರೂ ಜೂಸು ಅಂತ ಕುಡ್ದ್ ಸತ್ತೋದ್ನೇನೋ ಅಂತ ಎರಡ್ ತಿಂಗ್ಳಿಂದ ನಿದ್ದೆ ಇಲ್ಲ ನಂಗೆ! ಊರಲ್ಲಿ ಯಾರಾದ್ರೂ ಒಟ್ಟೆನೋವು ಅಂದ್ರೆ ನಂಗ್ ಬೆವ್ರು ಕಿತ್ಕತಿತ್ತು" ಎಂದು ತಲೆಯ ಮೇಲೆ ಕೈ ಹೊತ್ತು ನನ್ನ ಪಕ್ಕದಲ್ಲೇ ಕೂತ. ಅಂಜುಬುರುಕರ ಸಂಘಕ್ಕೆ ಇನ್ನೊಬ್ಬ ಸದಸ್ಯನೆಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಆಮೇಲೆ ಅವನು ಹೇಳಿದ. ಅದು ಕಬ್ಬಿನ ಗದ್ದೆಗೆ ಹೊಡೆಯುವ ಔಷಧಿ. ಕಬ್ಬೂ ಹುಲ್ಲಿನ ಜಾತಿಯೇ. ಅದು ಹುಲ್ಲಿನ ಜಾತಿಯನ್ನು ಮುಟ್ಟುವುದಿಲ್ಲ, ಅಗಲ ಎಲೆಯದ್ದನ್ನೆಲ್ಲ ಕೊಲ್ಲುತ್ತದೆ. ಹುಲ್ಲನ್ನು ಸಾಯಿಸಲು ಹೋಗಿ ನಾನು ಹುಲ್ಲಿಗೆ ಎದುರಾಳಿಯಿಲ್ಲದಂತೆ ಮಾಡಿದ್ದೆ. ನೀರು ಬೆರೆಸದೆ ಸುರಿದದ್ದರಿಂದ ಆ ನೆಲದಲ್ಲಿ ಇನ್ನೂ ಕೆಲವು ತಿಂಗಳು ಬೇರೆ ಗಿಡ ಏಳುವುದು ಅನುಮಾನ ಎಂದ.

ಒಳಗಿನ ಕಿಟಕಿ ತೆರೆದೇ ಇತ್ತು. ಜಯಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಹೋಗಿ ಮಂಚದ ಪಕ್ಕ ನಿಂತು, ಪೊರೆ ಕಂಡದ್ದರಿಂದ ಹಿಡಿದು ಬಿಲಕ್ಕೆ ಸುರಿದದ್ದರವರೆಗೆ ಹೇಳಿದೆ. ನಿನ್ನ ಮರೆಯನ್ನು ನಾನೇ ಕಿತ್ತೆ ಎಂದೆ. ನನ್ನ ಕಣ್ಣ ತುಂಬ ನೀರು ಬಂತು. ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

"ಕಬ್ಬುನ್ ಔಸ್ದಿ ಉಲ್ನ ಸಾಯಿಸಕಿಲ್ಲ ಅಂತ ಗೊತ್ತಿಲ್ದೋರ್ನ ಕಟ್ಕೊಂಡ್ ಮೂವತ್ತಾರ್ ವರ್ಸ ಬಾಳುದ್ನಲ್ಲ" ಎಂದಳು. ಆಮೇಲೆ ತಮ್ಮನ ಕಡೆ ತಿರುಗಿ, "ಪುಟ್ಟ, ಅಲ್ಲಿ ಬೆಳೆಯೋದು ಉಲ್ಲೊಂದೇ ತಾನೆ? ಕಬ್ಬೇ ಆಕ್ಬುಡ್ಲಾ. ನಿಮ್ ಕೂಳೆ ಗೆಡ್ಡೆ ಕಿತ್ಕೊಂಡ್ ಬಾ, ಬೇರಿರ್ತವೆ, ಬಿರ್ನೆ ಏಳ್ತವೆ" ಎಂದಳು. ಒಮ್ಮೆ ಕಡಿದ ಕಬ್ಬಿನ ಬುಡದಿಂದ ಮತ್ತೆ ಬರುವ ಬೆಳೆ ಕೂಳೆ.

ಮೇವಿನ ಸೀಮೆಹುಲ್ಲೂ ಆಳೆತ್ತರ ಬೆಳೆಯುತ್ತದಲ್ಲ, ಅದನ್ನೇ ಹಾಕೋಣ ಎಂದೆ.

"ಸಾಲಲ್ಲಿ ನಿಂತೋರೆಲ್ಲ ಅಸ ಕಟ್ಟಿರೋರೇ. ಒಂದ್ ಒರೆ ಉಲ್ ಕೊಡಿ ಅಂತ ದಿನಾ ಬಾಗ್ಲು ತಟ್ತಾರೆ. ಕಬ್ಬೇ ಸರಿ."

ಕಬ್ಬು. ನನ್ನ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನಿಂದ ನಾಲ್ಕು ಅಡಿ ದೂರದಲ್ಲಿ, ಸ್ಪರ್ಶವಿಲ್ಲದ ಕಾಲಿನ ಪಕ್ಕದಲ್ಲಿ. ಲೋಕದಲ್ಲಿ ಎಷ್ಟು ಸಸ್ಯಗಳಿವೆ, ಅವುಗಳಲ್ಲಿ ಹಾವಿಗೆ ಅತಿ ಪ್ರಿಯವಾದದ್ದೇ ನನ್ನ ಪಾಲಿಗೆ ಉಳಿಯಿತು. ಬೇಡ ಎನ್ನುವ ಹಕ್ಕನ್ನು ನಾನು ಅರ್ಧ ಬಾಟಲಿಯ ಜೊತೆ ಬಿಲಕ್ಕೆ ಸುರಿದಾಗಿತ್ತು. ನನ್ನ ಮುಖ ನೋಡಿ ಪುಟ್ಟಸ್ವಾಮಿ, "ಬುಡದ್ ಸೋಗೆ ಸುಲೀತಾ ಇರಿ ಭಾವ, ನೆಲ ಕಾಣೋ ಅಂಗೆ ಮಡೀಕಳಿ. ನೆಲ ಕಂಡ್ರೆ ಉಳ ನಿಲ್ಲಕಿಲ್ಲ" ಎಂದ.

ಆಷಾಢದ ಗಾಳಿಯಲ್ಲಿ ಒಣಗಿದ ಸೀಬೆ ಕಡಿದು, ಗೋಡೆಯ ಉದ್ದಕ್ಕೂ ಹತ್ತು ಗೆಡ್ಡೆ ನೆಟ್ಟೆವು. ಅವನೇ ಸಲಿಕೆ ಹಿಡಿದು ಹುಲ್ಲನ್ನೂ ಕೆತ್ತಿಕೊಟ್ಟ. ಬಚ್ಚಲ ನೀರು, ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲ ಅದಕ್ಕೇ. ನಾಲೆ ನೀರು ಕುಡಿದು ಬೆಳೆದ ಗೆಡ್ಡೆಗಳು ನಮ್ಮ ಮರಳುಗಾಡಿನಲ್ಲಿ ಒಂದು ವಾರ ಮುನಿಸಿಕೊಂಡು ನಿಂತು, ಆಮೇಲೆ ಎದ್ದವು. ಜಯಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಗರಿ ಗೋಡೆಗಿಂತ ಒಂದು ಗೇಣು ಮೇಲೆದ್ದ ದಿನ ಕುರ್ಚಿ ಹಾಕಿಸಿಕೊಂಡು ಹಿತ್ತಲಲ್ಲಿ ಕೂತಳು. ಕೂತರೆ ಆಚೆಯವರಿಗೆ ಕಾಣುತ್ತಿರಲಿಲ್ಲ. ಅವಳ ಭುಜದೆತ್ತರಕ್ಕೆ ಬಂದಾಗ ಎದ್ದು ನಿಂತಳು, ಕತ್ತು ಸ್ವಲ್ಪ ಬಗ್ಗಿಸಿಕೊಂಡು. ಗೌರಿ ಹಬ್ಬದ ಹೊತ್ತಿಗೆ ಮತ್ತೆ ಹದಿನಾಲ್ಕು ಹೆಜ್ಜೆ.

ಬೆಳಿಗ್ಗೆ ಸಂಜೆ ನನ್ನದೊಂದು ಡ್ಯೂಟಿ. ಬಾಗಿಲಲ್ಲಿ ಮೂರು ಚಪ್ಪಾಳೆ, ಎರಡು ಕುಟ್ಟು. ಆಮೇಲೆ ಗಳ ಹಿಡಿದು ಕಬ್ಬಿನ ಕಡೆ ಮುಖ, ಅವಳ ಕಡೆ ಬೆನ್ನು ಮಾಡಿ ನಿಲ್ಲುವುದು. ಹಿಂದೆ ಅವಳ ಕೋಲಿನ ಟಕ್, ಕಾಲು ಎಳೆಯುವ ಸರ್. ಟಕ್, ಸರ್. ಮುಂದೆ ಕಬ್ಬಿನ ಸರಸರ. ಎರಡು ಸದ್ದನ್ನು ಬೇರ್ಪಡಿಸಿ ಕೇಳುವುದೇ ನನ್ನ ಕೆಲಸ. ಸೋಗೆ ಸುಲಿಯುವಾಗ ಅಂಗೈ ಕುಯ್ದುಕೊಂಡೆ, ಪ್ರತಿ ಸಲ ಕೈ ಒಳಗೆ ಹಾಕುವಾಗ ಕಣ್ಣು ಮುಚ್ಚಿಕೊಂಡೆ. ಕಣ್ಣು ಮುಚ್ಚಿದರೆ ಏನು ಉಪಯೋಗ ಎಂದು ಕೇಳಬೇಡಿ. "ಡೈರಿಯೋರು ಏನನ್ಕತಾರೋ, ದಿನಾ ಎಲ್ಡೊತ್ತು ಯಾರ್ಗೋ ಚಪ್ಪಾಳೆ ಒಡೀತಾರೆ ಅಂತ" ಎಂದು ಜಯಮ್ಮ ಗೊಣಗುತ್ತಿದ್ದಳು.

ಆದರೆ ಡಾಕ್ಟರು ಹೇಳಿದ ಆರು ತಿಂಗಳು ಅಷ್ಟರಲ್ಲಿ ಮುಗಿದುಹೋಯಿತು. ಕಾಲು ಸ್ವಲ್ಪ ಬಂದಿತ್ತು. ಕೈ ಬರಲಿಲ್ಲ. ಸೆರಗಿನ ಗಂಟಿನೊಳಗೆ ಅದು ಬೇರೆ ಯಾರದ್ದೋ ಕೈಯಂತೆ ಮಲಗಿರುತ್ತಿತ್ತು. ದಿನಾ ಬೆರಳು ಒಂದೊಂದಾಗಿ ಬಿಡಿಸಿ ಎಣ್ಣೆ ತಿಕ್ಕುತ್ತಿದ್ದೆ. ಹಾಳಾದ ಆ ಎರಡು ತಿಂಗಳು ಅವಳು ಮಲಗದೆ ಇದ್ದಿದ್ದರೆ ಬರುತ್ತಿತ್ತೇನೋ ಎಂದು ನಾನು ಒಬ್ಬನೇ ಲೆಕ್ಕ ಹಾಕುತ್ತಿದ್ದೆ. ಹಾವಿನ ಭಯಕ್ಕಿಂತ ದೊಡ್ಡ ಭಯ ಇದೆ ಎಂದು ನನಗೆ ಗೊತ್ತಾದದ್ದು ಆಗ.

ಆಯುಧಪೂಜೆಯ ಮಾರನೆಯ ಸಂಜೆ. ಕಬ್ಬು ನನ್ನ ತಲೆ ಮೀರಿತ್ತು. ಆಚೆ ಸಾಲು, ಕ್ಯಾನುಗಳ ಸದ್ದು. ನಾನು ಎಂದಿನ ಹಾಗೆ ಗಳ ಹಿಡಿದು ನಿಂತಿದ್ದೆ. ಹಿಂದೆ ಟಕ್, ಸರ್. ಟಕ್, ಸರ್. ಮೂರನೆಯ ಗೆಡ್ಡೆಯ ಹತ್ತಿರ ಒಂದು ಸೋಗೆ ಗಾಳಿಯಿಲ್ಲದೆ ಅಲುಗಿತು. ಸುಲಿದು ಬರಿದು ಮಾಡಿದ ನೆಲದ ಮೇಲೆ ತಲೆ ಬಂತು. ಅದರ ಹಿಂದೆ ಉದ್ದ ಬಂತು. ಹರಿಯುತ್ತಲೇ ಇತ್ತು. ಕೇರೆಯೋ ನಾಗರವೋ ನೋಡುವ ಧೈರ್ಯ ಯಾರಿಗಿತ್ತು? ನಾನು ಮತ್ತೆ ಹತ್ತು ವರ್ಷದವನಾದೆ. ಚಪ್ಪಾಳೆ ತಟ್ಟಬೇಕು, ಗಳ ಕುಟ್ಟಬೇಕು, ಜಯಾ ನಿಲ್ಲು ಎಂದು ಕೂಗಬೇಕು. ಒಂದೂ ಆಗಲಿಲ್ಲ. ಕೈಗಳು ಗಳಕ್ಕೆ ಅಂಟಿಕೊಂಡಿದ್ದವು.

ಹಿಂದೆ ಕೋಲಿನ ಸದ್ದು ನಿಂತಿತು. ಏನೋ ನೆಲಕ್ಕೆ ಬಿದ್ದ ಹಾಗಾಯಿತು. ಅವಳೇ ಬಿದ್ದಳು ಅಂದುಕೊಂಡೆ. ಬಿದ್ದದ್ದು ಕೋಲು. ಆಮೇಲೆ ನನ್ನ ಬೆನ್ನ ಹಿಂದೆ ಒಂದು ಮೆತ್ತನೆಯ ಸದ್ದಾಯಿತು. ಸ್ವಲ್ಪ ತಡೆದು ಇನ್ನೊಂದು. ಬಹಳ ಹೊತ್ತು ತಡೆದು ಮೂರನೆಯದು. ರಾಗಿ ರೊಟ್ಟಿ ತಟ್ಟಿದಷ್ಟು ಮೆತ್ತಗೆ.

ಚಪ್ಪಾಳೆಗೆ ಎರಡು ಕೈ ಬೇಕು.

ನಾನು ತಿರುಗಿ ನೋಡಲಿಲ್ಲ. ನೋಡಿದರೆ ಆ ಕೈ ಮತ್ತೆ ಕೆಳಗೆ ಬಿದ್ದುಬಿಡುತ್ತದೇನೋ ಎಂಬ ಭಯ. ನನ್ನ ಕಣ್ಣು ಹಾವಿನ ಮೇಲೇ ಇತ್ತು, ಆದರೆ ಅದು ಯಾವಾಗ ಸರಿಯಿತು, ಯಾವ ಕಡೆ ಹೋಯಿತು, ಈಗಲೂ ಹೇಳಲಾರೆ. ಗೋಡೆಯಾಚೆ ಯಾರೋ ನಗುತ್ತ ಕ್ಯಾನು ಇಳಿಸಿದರು.

"ಓಯ್ತು ಕಣ್ರೀ" ಎಂದಳು ಜಯಮ್ಮ, ಹಿಂದಿನಿಂದ. "ಇನ್ನಾದ್ರೂ ಉಸ್ರು ಬುಡಿ."